ನಮ್ಮ ಬ್ರ್ಯಾಂಡಿನ ಹೆಸರಿಗೆ ಒಂದಕ್ಷರ ಸೇರಿಸಿ ಬೇರೆಯವರು ಅರ್ಜಿ ಹಾಕಿದ್ದಾರೆ, ತಡೆಯೋದು ಹೇಗೆ?

ಪ್ರಶ್ನೆ (ಗಿರಿನಗರದ ಸದಸ್ಯೆ):

ನಮಸ್ಕಾರ ಸರ್. ನಾನು, ನನ್ನ ತಮ್ಮ ಸೇರಿ 2014ರಿಂದ ಸಾಂಬಾರ್ ಪುಡಿ, ಸಾರಿನ ಪುಡಿ, ಚಟ್ನಿಪುಡಿ ಮಾಡಿ ಮಾರುತ್ತಿದ್ದೇವೆ. ಶುರುವಾಗಿದ್ದು ಮನೆಯ ಅಡುಗೆಮನೆಯಲ್ಲಿ. ಈಗ ಸಣ್ಣದೊಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಿದೆ. ಬಸವನಗುಡಿ, ಹನುಮಂತನಗರ, ಜಯನಗರದ ಅಂಗಡಿಗಳಿಗೆ ಮಾಲು ಹಾಕುತ್ತೇವೆ. ಬ್ರ್ಯಾಂಡಿಗೆ ಇಟ್ಟಿರುವುದು ನಮ್ಮ ಅಜ್ಜಿಯ ಹೆಸರು. ಅದನ್ನು ಇಲ್ಲಿ ಬರೆಯುವುದು ಬೇಡ ಅನ್ನಿಸಿತು. ಮೂರಕ್ಷರದ ಹೆಸರು ಅಂತಿಟ್ಟುಕೊಳ್ಳಿ.

ಹೋದ ವಾರ ಹನುಮಂತನಗರದ ಹಳೇ ಗಿರಾಕಿಯೊಬ್ಬರು ವಾಟ್ಸ್ಯಾಪ್‌ನಲ್ಲಿ ಒಂದು ಪ್ಯಾಕೆಟ್ಟಿನ ಫೋಟೊ ಕಳಿಸಿ, "ಏನಮ್ಮಾ, ಈ ಸಲ ಸಾರಿನ ಪುಡಿಗೆ ಇಂಗೇ ಹಾಕಿಲ್ವಲ್ಲ, ಬರೀ ಖಾರ" ಅಂದರು. ನೋಡಿದರೆ ಅದು ನಮ್ಮ ಪ್ಯಾಕೆಟ್ಟೇ ಅಲ್ಲ. ನಮ್ಮದು ಹಳದಿ ಲೇಬಲ್, ಒರಳಿನ ಚಿತ್ರ. ಅದು ಕೆಂಪು ಲೇಬಲ್. ಆದರೆ ಹೆಸರು ನಮ್ಮ ಅಜ್ಜಿಯದೇ. ಕೊನೆಗೆ ಒಂದು 'ಸ್' ಸೇರಿಸಿದ್ದಾರೆ, ಅಷ್ಟೇ. ನನ್ನ ತಮ್ಮ ಸರ್ಕಾರದ ಟ್ರೇಡ್‌ಮಾರ್ಕ್ ವೆಬ್‌ಸೈಟಿನಲ್ಲಿ ಹುಡುಕಿದ. ಆ ಹೆಸರಿಗೆ ಕ್ಲಾಸ್ 30ರಲ್ಲಿ (ಮಸಾಲೆ ಪುಡಿಗಳು ಬರುವ ಸರಕಿನ ವರ್ಗ) ಅರ್ಜಿ ಬಿದ್ದಿದೆ. ಟ್ರೇಡ್‌ಮಾರ್ಕ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವಾಗಿ ಎರಡೂವರೆ ತಿಂಗಳಾಗಿದೆ. ನಾವು ಇಷ್ಟು ವರ್ಷ ರಿಜಿಸ್ಟರ್ ಮಾಡಿಸಿಯೇ ಇಲ್ಲ. ಗೊತ್ತಿದ್ದವರೊಬ್ಬರು "ರಿಜಿಸ್ಟರ್ ಮಾಡಿಸಿಲ್ಲ ಅಂದಮೇಲೆ ನಿಮಗೆ ಹಕ್ಕೇ ಇಲ್ಲ" ಅಂದುಬಿಟ್ಟರು. ಎರಡು ದಿನದಿಂದ ನಿದ್ದೆ ಇಲ್ಲ. ಇದು ನಿಜಾನಾ ಸರ್?

ಉತ್ತರ (ಟ್ರೇಡ್‌ಮಾರ್ಕ್ ಅಟಾರ್ನಿ):

ಮೇಡಂ, ನಿಜ ಅಲ್ಲ. ಮೊದಲು ನಿದ್ದೆ ಮಾಡಿ. ಆದರೆ ನಾಳೆಯಿಂದ ಕೆಲಸ ಶುರುಮಾಡಿ. ನಿಮ್ಮ ಕೈಯಲ್ಲಿ ಇನ್ನು ಒಂದೂವರೆ ತಿಂಗಳಷ್ಟೇ ಇದೆ.

ಟ್ರೇಡ್ ಮಾರ್ಕ್ಸ್ ಕಾಯ್ದೆ 1999ರ 21ನೇ ಸೆಕ್ಷನ್ ಪ್ರಕಾರ, ಅರ್ಜಿ ಜರ್ನಲ್‌ನಲ್ಲಿ ಪ್ರಕಟವಾದ 4 ತಿಂಗಳೊಳಗೆ 'ಯಾರು ಬೇಕಾದರೂ' ಅದನ್ನು ವಿರೋಧಿಸಬಹುದು. ಯಾರು ಬೇಕಾದರೂ ಅನ್ನುವುದು ಕಾನೂನಿನದೇ ಮಾತು. ನಿಮ್ಮದು ರಿಜಿಸ್ಟರ್ ಆಗಿರಲೇಬೇಕು ಅಂತ ಎಲ್ಲೂ ಹೇಳಿಲ್ಲ. ಮೊದಲು 3 ತಿಂಗಳು ಇತ್ತು, ಕೇಳಿಕೊಂಡರೆ ಇನ್ನೊಂದು ತಿಂಗಳು ಕೊಡುತ್ತಿದ್ದರು. 2010ರ ತಿದ್ದುಪಡಿಯ ನಂತರ ನೇರವಾಗಿ 4 ತಿಂಗಳು. ಅದರ ಮೇಲೆ ಒಂದು ದಿನ ಕೇಳಿದರೂ ಸಿಗುವುದಿಲ್ಲ. ಆ ದಿನ ದಾಟಿದರೆ ಈ ಬಾಗಿಲು ಮುಚ್ಚಿತು. ಆಮೇಲೆ ರಿಜಿಸ್ಟರ್ ಆದದ್ದನ್ನು ರದ್ದು ಮಾಡಿಸಲು ಬೇರೆ ಅರ್ಜಿ ಹಾಕಬೇಕಾಗುತ್ತದೆ. ಅದು ಇನ್ನೂ ದೂರದ ದಾರಿ.

ವಿರೋಧಿಸಲು (ಇದನ್ನೇ ಆಪೋಸಿಷನ್ ಅನ್ನುವುದು) ಹಾಕಬೇಕಾದ್ದು ಟಿಎಂ-ಒ ಫಾರ್ಮ್. ಆನ್‌ಲೈನಿನಲ್ಲಿ ಒಂದು ಕ್ಲಾಸಿಗೆ ಸರ್ಕಾರಿ ಶುಲ್ಕ 2,700 ರೂಪಾಯಿ. ವಕೀಲರ ಫೀಸು ಬೇರೆ. ಕರ್ನಾಟಕದ ಅರ್ಜಿಗಳು ಚೆನ್ನೈ ರಿಜಿಸ್ಟ್ರಿಗೆ, ಅಂದರೆ ಅಲ್ಲಿನ ಟ್ರೇಡ್‌ಮಾರ್ಕ್ ಕಚೇರಿಗೆ, ಸೇರುತ್ತವೆ. ಆದರೆ ನೀವು ಅಲ್ಲಿಗೆ ಓಡಬೇಕಾಗಿಲ್ಲ, ಎಲ್ಲ ಆನ್‌ಲೈನಿನಲ್ಲೇ ಆಗುತ್ತದೆ.

ಈಗ ಎರಡು ವಿಷಯ ನೋಡಿ ಹೇಳಿ. ಅವರ ಅರ್ಜಿ ಬರೀ ಹೆಸರಿಗಾ, ಅಥವಾ ಲೇಬಲ್ಲಿಗಾ? ಬಳಕೆಯ ಕಾಲಂನಲ್ಲಿ ತಾರೀಕು ಇದೆಯಾ, ಅಥವಾ 'ಪ್ರೊಪೋಸ್ಡ್ ಟು ಬಿ ಯೂಸ್ಡ್' (ಮುಂದೆ ಬಳಸಲಿದ್ದೇವೆ) ಅಂತಿದೆಯಾ?

ಪ್ರಶ್ನೆ ಕೇಳಿದವರು:

ಬರೀ ಹೆಸರಿಗೆ ಸರ್, ವರ್ಡ್ ಮಾರ್ಕ್ ಅಂತಿದೆ. ತಾರೀಕು ಇಲ್ಲ, ಪ್ರೊಪೋಸ್ಡ್ ಅಂತಲೇ ಇದೆ.

ಉತ್ತರ:

ಎರಡನೆಯದು ನಿಮಗೆ ಬಲ. ಅರ್ಜಿ ಹಾಕಿದ ದಿನಕ್ಕೆ ತಾವು ಆ ಹೆಸರನ್ನು ಬಳಸಿಯೇ ಇರಲಿಲ್ಲ ಅಂತ ಅವರೇ ಬರೆದುಕೊಟ್ಟ ಹಾಗಾಯಿತು. ನೀವು 2014ರಿಂದ ಬಳಸುತ್ತಿದ್ದೀರಿ. ಮೊದಲು ಬಳಸಿದವರ ಹಕ್ಕು ನಮ್ಮ ದೇಶದಲ್ಲಿ ದೊಡ್ಡದು. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿತು: ರಿಜಿಸ್ಟರ್ ಮಾಡಿಸಿಕೊಂಡವರಿಗಿಂತ ಮೊದಲಿನಿಂದ ಬಳಸುತ್ತಾ ಬಂದವರ ಹಕ್ಕು ಮೇಲು.

ಮೊದಲನೆಯದು ಸ್ವಲ್ಪ ಎಚ್ಚರದ ವಿಷಯ. ವರ್ಡ್ ಮಾರ್ಕ್ ಸಿಕ್ಕಿಬಿಟ್ಟರೆ ಅವರು ಆ ಹೆಸರನ್ನು ಯಾವ ಬಣ್ಣದಲ್ಲಿ, ಯಾವ ಅಕ್ಷರದಲ್ಲಿ ಬೇಕಾದರೂ ಬರೆಯಬಹುದು. ಇವತ್ತು ಕೆಂಪು ಲೇಬಲ್, ನಾಳೆ ಹಳದಿ. ಹಾಗಾಗಿ "ನಮ್ಮ ಲೇಬಲ್ ಬೇರೆ, ಅವರದು ಬೇರೆ, ಬಿಡು" ಅಂತ ಸುಮ್ಮನಾಗಬೇಡಿ.

ಇನ್ನೊಬ್ಬ ಸದಸ್ಯರು (ರಾಜಾಜಿನಗರ):

ಸರ್, ಒಂದು ಅನುಮಾನ. ನಂದಿನಿ ಕೇಸಿನಲ್ಲಿ ಕೆಎಂಎಫ್‌ನಂಥ ಕೆಎಂಎಫ್ಫೇ ಸೋತಿತಲ್ವಾ? ಅಷ್ಟು ದೊಡ್ಡವರಿಗೇ ಆಗಲಿಲ್ಲ. ಇವರದು ಅಜ್ಜಿ ಹೆಸರು, ಊರಲ್ಲಿ ನೂರು ಜನಕ್ಕೆ ಇರುತ್ತೆ. ಸುಮ್ನೆ ದುಡ್ಡು ದಂಡ ಅಲ್ವಾ?

ಉತ್ತರ:

ಒಳ್ಳೇ ಪ್ರಶ್ನೆ. ಬೆಂಗಳೂರಿನಲ್ಲಿ ತಿಂಡಿ-ಊಟದ ವ್ಯಾಪಾರ ಮಾಡುವ ಪ್ರತಿಯೊಬ್ಬರೂ ಆ ಕೇಸನ್ನು ತಿಳಿದಿರಬೇಕು. ಆದರೆ ಬರೀ 'ಕೆಎಂಎಫ್ ಸೋತಿತು' ಅನ್ನುವಷ್ಟೇ ನೆನಪಿಟ್ಟುಕೊಂಡರೆ ದಾರಿ ತಪ್ಪುತ್ತೀರಿ. ಸ್ವಲ್ಪ ಉದ್ದವಾದರೂ ಹೇಳುತ್ತೇನೆ.

ಕೆಎಂಎಫ್ 'ನಂದಿನಿ' ಅನ್ನುವ ಹೆಸರು ಬಳಸಲು ಶುರುಮಾಡಿದ್ದು 1985ರಲ್ಲಿ, ಹಾಲಿಗೆ. ನಂದಿನಿ ಡೀಲಕ್ಸ್ ಹೋಟೆಲಿನವರು ಶುರುಮಾಡಿದ್ದು 1989ರಲ್ಲಿ. ಇಂಗ್ಲಿಷಿನಲ್ಲಿ ಬರೆಯುವಾಗ ಹೋಟೆಲಿನವರ ಹೆಸರಿನಲ್ಲಿ ಒಂದು 'ಎಚ್' ಜಾಸ್ತಿ. ಕನ್ನಡದವರ ಬಾಯಲ್ಲಿ ಎರಡೂ ಒಂದೇ. ಹೋಟೆಲಿನವರು ಬೇರೆ ಬೇರೆ ಆಹಾರ ಪದಾರ್ಥಗಳಿಗೆ ತಮ್ಮ ಮಾರ್ಕ್ ರಿಜಿಸ್ಟರ್ ಮಾಡಿಸಲು ಹೋದಾಗ ಕೆಎಂಎಫ್ ವಿರೋಧಿಸಿತು. 2007ರಲ್ಲಿ ರಿಜಿಸ್ಟ್ರಿ ಆ ವಿರೋಧವನ್ನು ತಳ್ಳಿಹಾಕಿತು. 2011ರಲ್ಲಿ ಅಪೀಲು ಮಂಡಳಿ ಕೆಎಂಎಫ್ ಪರ ಹೇಳಿತು. 2014ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊನೆಗೆ 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಎಲ್ಲವನ್ನೂ ತಿರುಗಿಸಿ ಹೋಟೆಲಿನವರ ಪರ ತೀರ್ಪು ಕೊಟ್ಟಿತು.

ಯಾಕೆ? ಕಾರಣಗಳನ್ನು ನೋಡಿ. ಒಂದು ಕಡೆ ಹಾಲು, ಇನ್ನೊಂದು ಕಡೆ ಹೋಟೆಲು. ಮಾಲು ಬೇರೆ, ವ್ಯಾಪಾರದ ರೀತಿ ಬೇರೆ. ಎರಡೂ ಒಂದೇ ಕ್ಲಾಸಿನಲ್ಲಿ ಬರುತ್ತವೆ ಅಂದಮಾತ್ರಕ್ಕೆ ಇಡೀ ಕ್ಲಾಸು ಒಬ್ಬರದೇ ಆಗುವುದಿಲ್ಲ. ಚಿತ್ರ, ಲೇಬಲ್, ಒಟ್ಟು ನೋಟ ಬೇರೆ. ನಂದಿನಿ ಅನ್ನುವುದು ದೇವಿಯ ಹೆಸರು, ಪುರಾಣದ ಹಸುವಿನ ಹೆಸರು, ಯಾರೋ ಹೊಸದಾಗಿ ಹುಟ್ಟಿಸಿದ ಪದ ಅಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹೋಟೆಲಿನವರು 1989ರಿಂದ ಎಲ್ಲರ ಕಣ್ಣೆದುರೇ ಆ ಹೆಸರಿನಲ್ಲಿ ವ್ಯಾಪಾರ ಮಾಡಿದ್ದರು. ಇನ್ನೊಂದು ಮಾತನ್ನು ಜನ ಮರೆಯುತ್ತಾರೆ: ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಹೋಟೆಲಿನವರಿಗೆ ರಿಜಿಸ್ಟ್ರೇಷನ್ ಸಿಗಲಿಲ್ಲ. ಅಂದರೆ ಎಲ್ಲಿ ನಿಜವಾಗಿ ಗಿರಾಕಿ ತಪ್ಪು ತಿಳಿಯುವ ಸಂಭವ ಇತ್ತೋ, ಅಲ್ಲಿ ಗೆರೆ ಎಳೆದೇ ಬಿಟ್ಟರು.

ಈಗ ಈ ಮೇಡಂ ಅವರದನ್ನು ಪಕ್ಕದಲ್ಲಿಟ್ಟು ನೋಡಿ. ಎರಡೂ ಕಡೆ ಸಾರಿನ ಪುಡಿಯೇ. ಅದೇ ಅಂಗಡಿ, ಅದೇ ಶೆಲ್ಫ್. ಎದುರಿನವರಿಗೆ ಹಳೇ ಬಳಕೆಯೇ ಇಲ್ಲ. ಅಜ್ಜಿಯ ಹೆಸರು ಸಾಮಾನ್ಯ ಹೆಸರು ಅನ್ನುವುದು ನಿಜ, ಆ ವಾದ ಬಂದೇ ಬರುತ್ತದೆ. ಆದರೆ ಆ ಹೆಸರು ಸಾರಿನ ಪುಡಿಯ ಬಗ್ಗೆ ಏನೂ ಹೇಳುವುದಿಲ್ಲ ಅಲ್ವಾ? 'ಫಿಲ್ಟರ್ ಕಾಫಿ' ಅನ್ನುವುದನ್ನು ಕಾಫಿಗೆ ಯಾರೂ ತಮ್ಮದು ಅನ್ನಲಾಗುವುದಿಲ್ಲ. ಅಜ್ಜಿಯ ಹೆಸರು ಹಾಗಲ್ಲ. ಹನ್ನೊಂದು ಹನ್ನೆರಡು ವರ್ಷ ಅದೇ ಹೆಸರಿನಲ್ಲಿ ಪುಡಿ ಮಾರಿದ್ದರೆ, ಆ ಬಡಾವಣೆಗಳಲ್ಲಿ ಆ ಹೆಸರು ಅಂದರೆ ಇವರ ಪುಡಿಯೇ.

ಪ್ರಶ್ನೆ ಕೇಳಿದವರು:

ಓದಿ ಧೈರ್ಯ ಬಂತು ಸರ್. ಗೊಂದಲ ಆಗುತ್ತಿದೆ ಅಂತ ತೋರಿಸುವುದು ಹೇಗೆ? ಅವರು "ನಮ್ಮದರಲ್ಲಿ 'ಸ್' ಇದೆ, ಬಣ್ಣ ಬೇರೆ" ಅಂದರೆ?

ಉತ್ತರ:

ಎರಡು ಪ್ಯಾಕೆಟ್ಟನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕುವುದು ಪರೀಕ್ಷೆ ಅಲ್ಲ. ಅಂಗಡಿಗೆ ಬರುವವರ ಕೈಯಲ್ಲಿ ಎರಡೂ ಇರುವುದಿಲ್ಲ. ಹಿಂದಿನ ಸಲ ಕೊಂಡದ್ದರ ಅರೆಬರೆ ನೆನಪು ಮಾತ್ರ ಇರುತ್ತದೆ. ಸಾಧಾರಣ ತಿಳಿವಳಿಕೆಯ, ಪೂರ್ತಿ ನೆನಪಿಲ್ಲದ ಗಿರಾಕಿ ಮೋಸಹೋಗುತ್ತಾನಾ ಅನ್ನುವುದೇ ಪ್ರಶ್ನೆ. ಸುಪ್ರೀಂ ಕೋರ್ಟ್ ಇದನ್ನು ಅಮೃತಧಾರಾ ಮತ್ತು ಲಕ್ಷ್ಮಣಧಾರಾ ಅನ್ನುವ ಎರಡು ಔಷಧಗಳ ಕೇಸಿನಲ್ಲಿ ಅರವತ್ತರ ದಶಕದಲ್ಲೇ ಹೇಳಿದೆ. ನಮ್ಮಲ್ಲಿ ಪುಡಿ ಕೊಳ್ಳುವುದು ಬಾಯಿಂದ. "ಅಣ್ಣಾ, ಕಾಲು ಕೆಜಿ ಸಾರಿನ ಪುಡಿ ಕೊಡಿ, ಆ ಅಜ್ಜಿ ಹೆಸರಿಂದು" ಅನ್ನುತ್ತಾರೆ. ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಅಲ್ಲಿ 'ಸ್' ಯಾರ ಕಿವಿಗೆ ಬೀಳುತ್ತದೆ?

ಆ ಕೇಸಿನಲ್ಲಿ ಇನ್ನೊಂದು ಪಾಠವೂ ಇದೆ. ಹೆಸರು ಹೋಲುತ್ತದೆ ಅಂತ ಒಪ್ಪಿದರೂ, ಅಮೃತಧಾರಾದವರು ವರ್ಷಗಟ್ಟಲೆ ಸುಮ್ಮನಿದ್ದ ಕಾರಣ ಲಕ್ಷ್ಮಣಧಾರಾಕ್ಕೆ ಉತ್ತರ ಪ್ರದೇಶದ ಮಟ್ಟಿಗೆ ರಿಜಿಸ್ಟ್ರೇಷನ್ ಸಿಕ್ಕಿತು. ಗೊತ್ತಾದ ಮೇಲೂ ಸುಮ್ಮನಿದ್ದರೆ ನಿಮ್ಮ ಹಕ್ಕು ನಿಧಾನವಾಗಿ ಸವೆಯುತ್ತದೆ.

ನಿಮ್ಮ ಹತ್ತಿರ ಬಂಗಾರದಂಥ ಸಾಕ್ಷಿ ಈಗಾಗಲೇ ಇದೆ. ಆ ಇಂಗಿನ ಮೆಸೇಜು! ಅದನ್ನು ಅಳಿಸಬೇಡಿ, ಬರೀ ಸ್ಕ್ರೀನ್‌ಶಾಟ್ ತೆಗೆದು ಸಾಕು ಅನ್ನಬೇಡಿ. ಮೂಲ ಮೆಸೇಜು ಫೋನಿನಲ್ಲಿರಲಿ, ಆ ಫೋನನ್ನು ಜೋಪಾನವಾಗಿಡಿ. ಮೆಸೇಜು ಕಳಿಸಿದ ಗಿರಾಕಿ ಒಪ್ಪಿದರೆ ಅವರಿಂದ ಒಂದು ಅಫಿಡವಿಟ್ (ಪ್ರಮಾಣಪತ್ರ) ಮಾಡಿಸಿ. ಇಬ್ಬರ ಮಾಲೂ ಇಡುವ ಅಂಗಡಿಯವರಿದ್ದರೆ ಅವರಿಂದಲೂ. ಜೊತೆಗೆ ಹಳೇ ಬಿಲ್ಲುಗಳು, ಲೇಬಲ್ ಅಚ್ಚು ಹಾಕಿಸಿದ ಪ್ರೆಸ್ಸಿನ ಬಿಲ್ಲು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ) ಪತ್ರ, ಬ್ಯಾಂಕಿನ ಲೆಕ್ಕ, ಮೇಳಗಳಲ್ಲಿ ಸ್ಟಾಲ್ ಹಾಕಿದ ಫೋಟೊ, ವರ್ಷವಾರು ಮಾರಾಟದ ಮೊತ್ತ. ಹೆಸರು ಕಾಣುವ, ತಾರೀಕು ಇರುವ ಕಾಗದ ಬೇಕು. ಹೆಸರಿಲ್ಲದೆ 'ಸಾಂಬಾರ್ ಪುಡಿ 5 ಕೆಜಿ' ಅಂತಷ್ಟೇ ಇರುವ ಬಿಲ್ಲಿನಿಂದ ಜಾಸ್ತಿ ಪ್ರಯೋಜನ ಇಲ್ಲ.

ಪ್ರಶ್ನೆ ಕೇಳಿದವರು:

ತಮ್ಮ ಹೇಳುತ್ತಿದ್ದಾನೆ, ಮೊದಲು ಅವರಿಗೆ ಫೋನ್ ಮಾಡಿ ಮಾತಾಡೋಣ ಅಂತ. ಮತ್ತೆ, ಆಪೋಸಿಷನ್ ಹಾಕಿದರೆ ಅವರು ಮಾರುವುದು ನಿಲ್ಲುತ್ತದಾ?

ಉತ್ತರ:

ಮಾತಾಡಿ, ತಪ್ಪಿಲ್ಲ. ಎಷ್ಟೋ ಸಲ ಇದು ಮಾತಿನಲ್ಲೇ ಮುಗಿಯುತ್ತದೆ. ಹೊಸಬರಿಗೆ ಹೆಸರು ಬದಲಿಸುವುದು ಈಗ ಸುಲಭ, ಐದು ವರ್ಷದ ಮೇಲೆ ಕಷ್ಟ. ಆದರೆ ಮಾತಿನ ನೆಪದಲ್ಲಿ 4 ತಿಂಗಳು ಜಾರಲು ಬಿಡಬೇಡಿ. "ಮುಂದಿನ ವಾರ ಸಿಗೋಣ" ಅನ್ನುತ್ತಲೇ ದಿನ ಕಳೆದುಕೊಂಡವರನ್ನು ನಾನೇ ನೋಡಿದ್ದೇನೆ. ಮೊದಲು ಟಿಎಂ-ಒ ಹಾಕಿ, ಆಮೇಲೆ ಮಾತಾಡಿ. ರಾಜಿ ಆದರೆ ವಾಪಸು ತೆಗೆದುಕೊಳ್ಳಬಹುದು.

ಎರಡನೇ ಪ್ರಶ್ನೆಗೆ: ಇಲ್ಲ, ನಿಲ್ಲುವುದಿಲ್ಲ. ಆಪೋಸಿಷನ್ ತಡೆಯುವುದು ರಿಜಿಸ್ಟ್ರೇಷನ್ನನ್ನು ಮಾತ್ರ. ಅಂಗಡಿಯಲ್ಲಿ ಮಾರಾಟ ನಿಲ್ಲಿಸಬೇಕಾದರೆ ಇಲ್ಲೇ ಬೆಂಗಳೂರಿನ ಕೋರ್ಟಿನಲ್ಲಿ 'ಪಾಸಿಂಗ್ ಆಫ್' ದಾವೆ ಹಾಕಿ ತಡೆಯಾಜ್ಞೆ ಕೇಳಬೇಕು. ಅಂದರೆ ತಮ್ಮ ಮಾಲನ್ನು ನಿಮ್ಮದು ಅಂತ ನಂಬಿಸಿ ಮಾರುತ್ತಿದ್ದಾರೆ ಅನ್ನುವ ದಾವೆ. ರಿಜಿಸ್ಟರ್ ಆಗದ ಹೆಸರಿಗೂ ಆ ರಕ್ಷಣೆ ಇದೆ. ಅದು ಖರ್ಚಿನ ದಾರಿ, ಆಪೋಸಿಷನ್ ಹಾಕಿದ ಮೇಲೆ ಕೂತು ಯೋಚಿಸೋಣ.

ನಿಮ್ಮ ಹೆಸರಿಗೂ ಇದೇ ವಾರ ಅರ್ಜಿ ಹಾಕಿ, 2014ರಿಂದ ಬಳಕೆ ಅಂತ ತೋರಿಸಿ. ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ಯಮ ಅಂತ ಸರ್ಕಾರ ಕೊಡುವ ಪತ್ರ) ಇರುವ ಸಣ್ಣ ಕಂಪನಿಗೆ ಒಂದು ಕ್ಲಾಸಿಗೆ 4,500 ರೂಪಾಯಿ, ಇಲ್ಲದಿದ್ದರೆ 9,000. ಉಪ್ಪಿನಕಾಯಿ ಮಾಡುವ ಯೋಚನೆ ಇದ್ದರೆ ಹೇಳಿ, ಅದು ಕ್ಲಾಸ್ 29.

ಮತ್ತೊಬ್ಬ ಸದಸ್ಯರು (ಜಯನಗರ):

ಸರ್, ನನ್ನದು ಉಲ್ಟಾ ಕಥೆ. ನನ್ನ ಕೆಫೆಯ ಹೆಸರಿಗೆ ಹಾಕಿದ ಅರ್ಜಿಯನ್ನು ದೊಡ್ಡ ಕಂಪನಿಯೊಂದು ವಿರೋಧಿಸಿದೆ. ರಿಜಿಸ್ಟ್ರಿಯಿಂದ ಮೇಲ್ ಬಂದು 40 ದಿನ ಆಗಿದೆ, ಇವತ್ತು ನೋಡಿದೆ. ದೊಡ್ಡವರ ಎದುರು ನಿಲ್ಲೋಕಾಗುತ್ತಾ ಅಂತ ಬಿಟ್ಟುಬಿಡೋಣ ಅನ್ನಿಸುತ್ತಿದೆ.

ಉತ್ತರ:

ಬಿಡಬೇಡಿ ಸರ್! ನೋಟಿಸ್ ಕೈಸೇರಿದ 2 ತಿಂಗಳೊಳಗೆ ಕೌಂಟರ್ ಸ್ಟೇಟ್‌ಮೆಂಟ್ (ವಿರೋಧಕ್ಕೆ ನಿಮ್ಮ ಲಿಖಿತ ಉತ್ತರ) ಹಾಕದಿದ್ದರೆ ನಿಮ್ಮ ಅರ್ಜಿಯನ್ನು ಕೈಬಿಟ್ಟಂತೆ ಅಂತ ತೀರ್ಮಾನಿಸುತ್ತಾರೆ. ನ್ಯಾಯ ಯಾರ ಕಡೆ ಇದೆ ಅಂತ ಯಾರೂ ನೋಡುವುದೇ ಇಲ್ಲ. ನಿಮಗೆ ಉಳಿದಿರುವುದು ಇಪ್ಪತ್ತು ದಿನ. ಎದುರಿನವರು ದೊಡ್ಡವರು ಅಂದಮಾತ್ರಕ್ಕೆ ಗೆಲ್ಲುವುದಿಲ್ಲ, ನಂದಿನಿ ಕೇಸು ನಿಮ್ಮಂಥವರಿಗೇ ಧೈರ್ಯ. ಅವರ ಮಾಲೇನು, ನೀವು ಯಾವಾಗಿನಿಂದ ಬಳಸುತ್ತಿದ್ದೀರಿ, ಎರಡನ್ನೂ ಮೆಸೇಜ್ ಮಾಡಿ. ಇವತ್ತೇ.

ಪ್ರಶ್ನೆ ಕೇಳಿದವರು:

ಸರ್, ಕೊನೇದಾಗಿ. ಹಾಕಿದ ಮೇಲೆ ಎಷ್ಟು ದಿನ ಆಗುತ್ತದೆ?

ಉತ್ತರ:

ಅವರು ಕೌಂಟರ್ ಹಾಕಿದರೆ, ಅದು ನಿಮಗೆ ತಲುಪಿದ 2 ತಿಂಗಳೊಳಗೆ ನೀವು ಸಾಕ್ಷ್ಯ ಕೊಡಬೇಕು. ಆಮೇಲೆ ಅವರಿಗೆ 2 ತಿಂಗಳು. ಅದಕ್ಕೆ ಉತ್ತರ ಕೊಡಲು ನಿಮಗೆ 1 ತಿಂಗಳು. ನಂತರ ವಿಚಾರಣೆ, ಆದೇಶ. ಆದೇಶ ಒಪ್ಪಿಗೆಯಾಗದಿದ್ದರೆ ಅಪೀಲು ಹೈಕೋರ್ಟಿಗೆ. ಮೊದಲಿದ್ದ ಅಪೀಲು ಮಂಡಳಿಯನ್ನು 2021ರಲ್ಲಿ ಮುಚ್ಚಿದರು. ವಿಚಾರಣೆಯ ಸರದಿ ಬರಲು ವರ್ಷಗಳೇ ಹಿಡಿಯಬಹುದು, ಸುಳ್ಳು ಭರವಸೆ ಕೊಡುವುದಿಲ್ಲ. ಆದರೆ ಅಲ್ಲಿಯವರೆಗೂ ಅವರಿಗೆ ರಿಜಿಸ್ಟ್ರೇಷನ್ ಸಿಗುವುದಿಲ್ಲ. ಎದುರಿನವರು ಕೌಂಟರ್ ಹಾಕದೆ ಕೈಬಿಡುವುದೂ ಉಂಟು. ಆಗ ಅಲ್ಲಿಗೇ ಮುಗಿಯಿತು.

ಪ್ರಶ್ನೆ ಕೇಳಿದವರು:

ಅಟ್ಟದ ಮೇಲಿನ ಟ್ರಂಕಿನಲ್ಲಿ 2014ರ ನವೆಂಬರಿನ ಪ್ರೆಸ್ ಬಿಲ್ಲು ಸಿಕ್ಕಿತು ಸರ್! ಅಜ್ಜಿಯ ಹೆಸರು, 'ಲೇಬಲ್ 1000' ಅಂತ ಕೈಬರಹದಲ್ಲಿದೆ. ಅಂಗಡಿಗಳ ಹಳೇ ಬಿಲ್ಲುಗಳೂ ಇವೆ, ಆದರೆ ಮಷೀನ್ ಬಿಲ್ಲುಗಳ ಅಕ್ಷರ ಮಾಸಿಹೋಗುತ್ತಿದೆ. ಎಲ್ಲ ಲ್ಯಾಮಿನೇಟ್ ಮಾಡಿಸಿಬಿಡಲಾ?

ಉತ್ತರ:

ಬೇಡ, ಲ್ಯಾಮಿನೇಟ್ ಖಂಡಿತ ಬೇಡ. ಮಷೀನ್ ಬಿಲ್ಲಿಗೆ ಬಿಸಿ ತಾಗಿದರೆ ಪೂರ್ತಿ ಕಪ್ಪಾಗುತ್ತದೆ. ಇವತ್ತೇ ಎಲ್ಲವನ್ನೂ ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿ, ಮೂಲವನ್ನು ಕಾಗದದ ಕವರಿನಲ್ಲಿ ಹಾಕಿ ಬಿಸಿಲು ಬೀಳದ ಕಡೆ ಇಡಿ. ಪ್ರೆಸ್ಸಿನವರು ಈಗಲೂ ಇದ್ದಾರಾ ವಿಚಾರಿಸಿ. ಇದ್ದರೆ, ಆ ಲೇಬಲ್ ಅಚ್ಚು ಮಾಡಿದ್ದು ತಾವೇ ಅಂತ ಒಂದು ಪತ್ರ ಬರೆಸಿಕೊಳ್ಳಿ. ಆ 1000ದಲ್ಲಿ ಒಂದು ಹಳೇ ಲೇಬಲ್ ಮನೆಯಲ್ಲಿ ಎಲ್ಲಾದರೂ ಉಳಿದಿದೆಯಾ, ಡಬ್ಬಗಳ ಮೇಲೂ ನೋಡಿ.