ಕೆರೆ ಸೇರುವ ನಮ್ಮ ಸಂಸ್ಕರಿತ ನೀರಿನ ಸಾರಜನಕ: ಭಾನುವಾರದ ಸಭೆಗೆ ಮುನ್ನ

ಸಂಘದ ಕಾರ್ಯದರ್ಶಿ
ಸದಸ್ಯರಿಗೆಲ್ಲ ನಮಸ್ಕಾರ. ನಮ್ಮ ಬಡಾವಣೆಯ ಕೊಳಚೆ ನೀರು ಶುದ್ಧೀಕರಣ ಘಟಕದ ಪರೀಕ್ಷಾ ವರದಿ ಬಂದಿದೆ. ನೀರು ಕಣ್ಣಿಗೆ ತಿಳಿಯಾಗಿದೆ, ಬಿಓಡಿ (ನೀರಿನಲ್ಲಿ ಕೊಳೆಯುವ ಕಶ್ಮಲದ ಅಳತೆ) ಮಿತಿಯೊಳಗಿದೆ. ಆದರೆ ಒಟ್ಟು ಸಾರಜನಕ ಲೀಟರಿಗೆ 30 ಮಿಲಿಗ್ರಾಂ ಇದ್ದು, ನಮ್ಮ ಒಪ್ಪಿಗೆ ಪತ್ರದಲ್ಲಿರುವ ಮಿತಿ 10 ಮಾತ್ರ. ತೋಟಕ್ಕೂ ಫ್ಲಶ್‌ಗೂ ಬಳಸಿ ಉಳಿದ ಸುಮಾರು 30,000 ಲೀಟರ್ ನೀರು ದಿನವೂ ರಾಜಕಾಲುವೆಯಿಂದ ಕೆರೆಗೆ ಹೋಗುತ್ತಿದೆ. ಸಾರಜನಕ ಪಾಚಿಗೆ ಗೊಬ್ಬರವಾಗುವುದರಿಂದ, ಕೆರೆ ಹಸಿರುಗಟ್ಟಿರುವುದರಲ್ಲಿ ನಮ್ಮ ಪಾಲೂ ಇದೆಯೆಂದು ಒಪ್ಪಿಕೊಳ್ಳಬೇಕು. ಘಟಕವನ್ನೇ ಬದಲಿಸಿದರೆ ಸಂಘದ ಠೇವಣಿಯೆಲ್ಲ ಕರಗುತ್ತದೆ. ಕಡಿಮೆ ಖರ್ಚಿನ ದಾರಿ ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

2ನೇ ಅಡ್ಡರಸ್ತೆಯ ನಿವಾಸಿ
ಮರಳು ಮತ್ತು ಇದ್ದಿಲಿನ ಫಿಲ್ಟರ್‌ಗಳನ್ನು ಹೋದ ವರ್ಷವಷ್ಟೇ ಬದಲಿಸಿದೆವಲ್ಲ, ಅವು ಸಾರಜನಕವನ್ನು ಹಿಡಿಯುವುದಿಲ್ಲವೇ?

5ನೇ ಅಡ್ಡರಸ್ತೆಯ ನಿವಾಸಿ, ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕಿ
ಹಿಡಿಯುವುದಿಲ್ಲ. ನಮ್ಮ ನೀರಿನ ಸಾರಜನಕವು ಉಪ್ಪಿನಂತೆ ಕರಗಿರುವುದರಿಂದ ಮರಳಿನ ನಡುವೆ ಸಲೀಸಾಗಿ ನುಸುಳಿ ಹೋಗುತ್ತದೆ. ಮೂತ್ರದ ಯೂರಿಯಾ ಕೊಳವೆಯಲ್ಲೇ ಅಮೋನಿಯಾ ಆಗುತ್ತದೆ. ಗಾಳಿ ಊದುವ ತೊಟ್ಟಿಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನಮ್ಮ ಘಟಕದ ಕೆಲಸ ಅಲ್ಲಿಗೆ ನಿಲ್ಲುತ್ತದೆಯಾದರೂ ಸಾರಜನಕ ಎಲ್ಲಿಗೂ ಹೋಗಿರುವುದಿಲ್ಲ, ವೇಷ ಬದಲಿಸಿರುತ್ತದೆ ಅಷ್ಟೆ. ನೈಟ್ರೇಟ್ ಮತ್ತೆ ಅನಿಲವಾಗಿ ಗಾಳಿಗೆ ಸೇರಬೇಕಾದರೆ ಬೇರೊಂದು ಬಗೆಯ ಬ್ಯಾಕ್ಟೀರಿಯಾ ಬೇಕು, ಅವಕ್ಕೆ ಆಮ್ಲಜನಕವಿಲ್ಲದ ಜಾಗವೂ ತಿನ್ನಲು ಇಂಗಾಲವೂ ಬೇಕು. ಅಮೆರಿಕದ ಅಯೋವಾದಲ್ಲಿ ಮೆಕ್ಕೆಜೋಳದ ಹೊಲಗಳಿಂದ ಬಸಿಯುವ ನೀರನ್ನು ಮರದ ಚಕ್ಕೆ ತುಂಬಿದ ಗುಂಡಿಯ ಮೂಲಕ ಹಾಯಿಸುವುದು ಈ ಕಾರಣಕ್ಕೇ: ಚಕ್ಕೆ ನೀರಿನಡಿ ನಿಧಾನವಾಗಿ ಕೊಳೆಯುತ್ತಾ ಇಂಗಾಲವನ್ನು ಒದಗಿಸುತ್ತದೆ, ವಿದ್ಯುತ್ತಿನ ಅಗತ್ಯವಿಲ್ಲ.

ತೋಟಕ್ಕೆ ಹೋಗುವ ನೀರಿನ ನೈಟ್ರೇಟ್ ಗಿಡಗಳಿಗೆ ಗೊಬ್ಬರ, ಅದನ್ನು ತೆಗೆಯಲು ಹಣ ಸುರಿಯುವುದು ದಡ್ಡತನ. ಕೆರೆಗೆ ಹೋಗುವ ಪಾಲಿನಿಂದಷ್ಟೇ ದಿನಕ್ಕೆ 600 ಗ್ರಾಂ ಸಾರಜನಕ ತೆಗೆದರೆ ಸಾಕು. ಒಂದು ಘನ ಮೀಟರ್ ಚಕ್ಕೆ ದಿನಕ್ಕೆ 7 ಗ್ರಾಂ ತೆಗೆಯುತ್ತದೆಂದು ಹಿಡಿದರೆ, ಘಟಕದ ಹಿಂದಿನ ಖಾಲಿ ಜಾಗದಲ್ಲಿ 15 ಮೀಟರ್ ಉದ್ದ, 6 ಮೀಟರ್ ಅಗಲ, 1 ಮೀಟರ್ ಆಳದ ಗುಂಡಿ ಸಾಲುತ್ತದೆ. ಅಲ್ಲಿ ನೆಲ ಕಾಲುವೆಯ ಕಡೆಗೇ ಇಳಿಜಾರಾಗಿರುವುದು ನಮ್ಮ ಪುಣ್ಯ.

ತೋಟದ ಸಮಿತಿ
ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಅಲ್ಲಿನ ಶುದ್ಧೀಕರಣ ಘಟಕದ ನೀರು ಜೊಂಡು ಬೆಳೆದ ಜೌಗನ್ನು ಹಾದು ಕೆರೆಗಿಳಿಯುತ್ತದೆ. ನಾವೂ ಹಾಗೆಯೇ ಮಾಡಬಾರದೇಕೆ? ಗುಂಡಿಯೆಂದರೆ ಸೊಳ್ಳೆಯ ಭಯ.

ಅಧ್ಯಾಪಕಿ
ಜೌಗಿಗೆ ಬೇಕಾಗುವಷ್ಟು ವಿಸ್ತಾರ ನಮ್ಮಲ್ಲಿಲ್ಲ. ಜೊಂಡನ್ನು ಕಾಲಕಾಲಕ್ಕೆ ಕೊಯ್ಯದಿದ್ದರೆ ಅದು ಕೊಳೆತು, ಹೀರಿದ ಸಾರಜನಕ ನೀರಿಗೇ ಮರಳುತ್ತದೆ. ಗುಂಡಿಯಲ್ಲಿ ನೀರು ಚಕ್ಕೆಯ ಮಟ್ಟಕ್ಕಿಂತ ಕೆಳಗೇ ಹರಿಯುವುದರಿಂದ ಸೊಳ್ಳೆಗೆ ತೆರೆದ ನೀರು ಸಿಗದು. ಚಕ್ಕೆ ಹೆಬ್ಬೆರಳ ಗಾತ್ರದ್ದಿರಲಿ. ಗರಗಸದ ಹೊಟ್ಟು ಕಟ್ಟಿಕೊಳ್ಳುತ್ತದೆ, ಪ್ಲೈವುಡ್ ಚೂರು ಬೇಡವೇ ಬೇಡ. ಮೊದಲ ಕೆಲವು ವಾರ ಚಹಾ ಬಣ್ಣದ ನೀರು ಬರುತ್ತದೆ, ಅದನ್ನು ಘಟಕದ ಆರಂಭದ ತೊಟ್ಟಿಗೇ ಹಿಂತಿರುಗಿಸಬೇಕು. ಹರಿವು ತೀರಾ ನಿಧಾನವಾಗಿ ನೈಟ್ರೇಟ್ ಪೂರ್ತಿ ಮುಗಿದುಹೋದರೆ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ, ಆದ್ದರಿಂದ ಹೊರಹರಿವಿನ ಮಟ್ಟವನ್ನು ಏರಿಸಿ ಇಳಿಸುವ ವ್ಯವಸ್ಥೆ ಇರಲೇಬೇಕು.

ಇದಕ್ಕಿಂತ ದೊಡ್ಡ ತೊಡಕು ವರದಿಯ ಎರಡನೇ ಪುಟದಲ್ಲಿದೆ: 30ರಲ್ಲಿ 12 ಮಿಲಿಗ್ರಾಂ ಇನ್ನೂ ಅಮೋನಿಯಾ ಆಗಿಯೇ ಉಳಿದಿದೆ. ಚಕ್ಕೆಯ ಗುಂಡಿ ಅದನ್ನು ಮುಟ್ಟುವುದೇ ಇಲ್ಲ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ಸುಮಾರು 4.57 ಗ್ರಾಂ ಆಮ್ಲಜನಕ ಬೇಕು. ತೊಟ್ಟಿಗೆ ಗಾಳಿ ಊದುವ ಬ್ಲೋವರ್ ಇಡೀ ದಿನ ನಡೆಯುತ್ತಿದೆಯೇ?

ಖಜಾಂಚಿ
ವಿಚಾರಿಸಿದೆ. ವಿದ್ಯುತ್ ಬಿಲ್ಲು ಇಳಿಸಲೆಂದು ರಾತ್ರಿ 11ರಿಂದ ಬೆಳಗಿನ 5ರವರೆಗೆ ನಿಲ್ಲಿಸುತ್ತಿದ್ದಾರೆ. ಬಿಲ್ಲು ಹೆಚ್ಚಾಯಿತೆಂದು ಹೋದ ಸಭೆಯಲ್ಲಿ ಗದ್ದಲ ಮಾಡಿದವರಲ್ಲಿ ನಾನೂ ಒಬ್ಬ.

ಕಾರ್ಯದರ್ಶಿ
ಹಾಗಾದರೆ ಬ್ಲೋವರ್ ಈ ರಾತ್ರಿಯಿಂದಲೇ ಎಡೆಬಿಡದೆ ನಡೆಯಲಿ, ಸಮಯವನ್ನು ಲಾಗ್‌ಬುಕ್ಕಿನಲ್ಲಿ ಬರೆಯಲಿ. ತಿಂಗಳ ನಂತರ ಅಮೋನಿಯಾ ಮತ್ತು ನೈಟ್ರೇಟ್ ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ಆ ಅಂಕಿಗಳ ಮೇಲೆ ಗುಂಡಿಯ ಅಳತೆ ನಿರ್ಧರಿಸೋಣ. ಭಾನುವಾರ ಬೆಳಿಗ್ಗೆ 8 ಗಂಟೆಗೆ ಘಟಕದ ಹಿಂದೆ ಸೇರೋಣ; ಅಳತೆ ಟೇಪು ಇರುವವರು ದಯವಿಟ್ಟು ತನ್ನಿ.