7 ತಿಂಗಳಿಂದ ಕುಡಿದಿಲ್ಲ, ಅರ್ಧಕ್ಕೆ ಬಿಟ್ಟ ಬಿಕಾಂ ಮುಂದುವರಿಸಬೇಕು. ಹಳೆ ಕ್ರೆಡಿಟ್ ಉಳಿದಿರುತ್ತಾ?

ಹಾಸನದವ_22
ಎಲ್ಲರಿಗೂ ನಮಸ್ಕಾರ. 2022ರಲ್ಲಿ ಬೆಂಗಳೂರಿನ ಒಂದು ಕಾಲೇಜಿಗೆ ಬಿಕಾಂ ಸೇರಿದೆ, ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬ್ಯಾಚ್. ಎರಡು ಸೆಮ್ ಪಾಸಾಗಿದೆ, ಅದರ ಕ್ರೆಡಿಟ್ (ಪಾಸಾದ ಪ್ರತಿ ಸಬ್ಜೆಕ್ಟ್‌ಗೆ ಡಿಗ್ರಿ ಲೆಕ್ಕಕ್ಕೆ ಸೇರೋ ಅಂಕ) ಇದೆ. ಮೂರನೇ ಸೆಮ್‌ನಲ್ಲಿ ಹಾಜರಾತಿಯೇ ಇಲ್ಲ. ಸುತ್ತಿ ಬಳಸಿ ಹೇಳಲ್ಲ, ಪಿಜಿ ರೂಮಲ್ಲಿ ಶನಿವಾರದ ಬಿಯರ್ ಅಂತ ಶುರುವಾಗಿದ್ದು ದಿನಾ ಕ್ವಾರ್ಟರ್‌ಗೆ ಬಂದು ನಿಂತಿತು, ಜೊತೆಗೆ ಗಾಂಜಾ. ಎರಡು ವರ್ಷ ಹಾಗೇ ಹೋಯ್ತು. ಆಮೇಲೆ ಅಪ್ಪ ಕರೆದುಕೊಂಡು ಹೋಗಿ ಡೀಅಡಿಕ್ಷನ್ ಸೆಂಟರ್‌ಗೆ ಸೇರಿಸಿದರು. ಈಗ 7 ತಿಂಗಳಿಂದ ಏನೂ ಮುಟ್ಟಿಲ್ಲ. ಊರಲ್ಲೇ ಇದ್ದೇನೆ, ಮಾತ್ರೆ ನಡೀತಿದೆ, ಕುಡಿತ ಬಿಟ್ಟವರ ಗುಂಪಿನ ಮೀಟಿಂಗ್ ವಾರಕ್ಕೆ ಮೂರು.

ಜೂನ್‌ನಿಂದ ಪೂರ್ತಿ ಕಾಲೇಜಿಗೆ ಹೋಗು, ಹಳೆ ಸಬ್ಜೆಕ್ಟನ್ನೂ ಸೇರಿಸಿ ಒಂದೇ ಸಲ ಕಟ್ಟಿ ಮುಗಿಸು ಅಂತಾರೆ ಅಪ್ಪ. ನನಗೆ ಓದಿನ ಭಯ ಇಲ್ಲ. ಆ ಪಿಜಿ, ಆ ಗೇಟು, ಆ ಹುಡುಗರು, ಅದು ಭಯ. ಮನೆಯಿಂದಲೇ ಸ್ವಲ್ಪ ಕ್ರೆಡಿಟ್ ಮಾಡಿಕೊಳ್ಳಬಹುದಾ? ಹಳೇ ಎರಡು ಸೆಮ್ ಕಥೆ ಏನು? ಕಾಲೇಜಲ್ಲಿ ನಿಜ ಹೇಳಬೇಕಾ?

ಬ್ಯಾಕ್‌ಲಾಗ್_ರಾಜ
ಹಳೇದು ಹೋಗಿರಲ್ಲ ಗುರು. ಡಿಜಿಲಾಕರ್‌ನಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಇದೆ, ನಮ್ಮ ಕ್ರೆಡಿಟ್ ಜಮಾ ಆಗೋ ಆನ್‌ಲೈನ್ ಖಾತೆ, ಅದನ್ನು ತೆಗೆದು ನೋಡು. 2021ರಲ್ಲಿ ಶುರುವಾದ ವ್ಯವಸ್ಥೆ ಅದು, ಕ್ರೆಡಿಟ್ ಗರಿಷ್ಠ 7 ವರ್ಷ ಅಲ್ಲಿ ಇರುತ್ತೆ. ಆದರೆ ಯೂನಿವರ್ಸಿಟಿ ಅಪ್‌ಲೋಡ್ ಮಾಡಿದ್ದಷ್ಟೇ ಅಲ್ಲಿ ಕಾಣೋದು. ಖಾಲಿ ಕಂಡರೆ ಗಾಬರಿ ಬೇಡ, ಮಾರ್ಕ್ಸ್ ಕಾರ್ಡ್ ಹಿಡಿದು ಆಫೀಸಿಗೆ ಹೋಗು.

ನಿಜವಾದ ತಲೆನೋವು ಬೇರೆ. 2024-25ರಿಂದ ನಮ್ಮ ರಾಜ್ಯ ಎನ್‌ಇಪಿ ಬಿಟ್ಟು ಹಳೇ ಮೂರು ವರ್ಷದ ಡಿಗ್ರಿಗೆ ವಾಪಸ್ ಬಂತು, ಸಿಲಬಸ್ಸೂ ಬದಲಾಯ್ತು. ನಿನ್ನ ಮೂರನೇ ಸೆಮ್ ಸಬ್ಜೆಕ್ಟ್‌ಗೆ ಈಗ ಯಾವ ಸಬ್ಜೆಕ್ಟ್ ಸಮ ಅಂತ ಬರಹದಲ್ಲಿ ಕೇಳು. ಬಾಯಿಮಾತಲ್ಲಿ 'ಆಗುತ್ತೆ ಹೋಗಪ್ಪ' ಅಂದರೆ ನಂಬಬೇಡ.

ಮನೆಯಿಂದ ಮಾಡೋಕೆ 'ಸ್ವಯಂ' ಅಂತ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ಇದೆ. ಒಂದು ಸೆಮ್‌ನ ಕೋರ್ಸುಗಳಲ್ಲಿ 40% ತನಕ ಅಲ್ಲಿಂದ ತರಬಹುದು ಅಂತ ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಯುಜಿಸಿಯ ನಿಯಮ ಹೇಳುತ್ತೆ, ಆದರೆ ನಿನ್ನ ಯೂನಿವರ್ಸಿಟಿ ಆ ಕೋರ್ಸನ್ನು ಒಪ್ಪಬೇಕು. ಮೊದಲು ಒಪ್ಪಿಗೆ, ಆಮೇಲೆ ಕೋರ್ಸು. ನಾನು ಉಲ್ಟಾ ಮಾಡಿ ಕೈ ಸುಟ್ಟುಕೊಂಡೆ, ಸರ್ಟಿಫಿಕೇಟ್ ಇದೆ, ಕ್ರೆಡಿಟ್ ಇಲ್ಲ. ಅದರಲ್ಲಿ ಎನ್‌ಪಿಟೆಲ್ (ಐಐಟಿಯವರ) ಕೋರ್ಸ್ ಆದರೆ 12 ವಾರಕ್ಕೆ ಸಾಮಾನ್ಯವಾಗಿ 3 ಕ್ರೆಡಿಟ್. ಸೇರೋದು ಫ್ರೀ, ಪರೀಕ್ಷೆಗೆ ದುಡ್ಡು ಕಟ್ಟಬೇಕು, ಸೆಂಟರ್‌ಗೇ ಹೋಗಿ ಬರೀಬೇಕು. ವಾರ ವಾರ ಅಸೈನ್‌ಮೆಂಟ್ ಇರುತ್ತೆ, 12ರಲ್ಲಿ ಚೆನ್ನಾಗಿ ಬಂದ 8 ಮಾತ್ರ ಲೆಕ್ಕ. ನಿನಗೆ ಇದೇ ಅನುಕೂಲ, ಒಂದೆರಡು ವಾರ ಕೆಟ್ಟು ಹೋದರೂ ಕೋರ್ಸ್ ಕೆಡಲ್ಲ.

ನಾಲ್ಕು_ವರ್ಷ
ಹೆಸರಲ್ಲೇ ಇದೆ, ನಾನು ಕುಡಿತ ಬಿಟ್ಟು ನಾಲ್ಕು ವರ್ಷ. ಇಗ್ನೋ ದೂರಶಿಕ್ಷಣ ಯೂನಿವರ್ಸಿಟಿಯಲ್ಲಿ ಬಿಎ ಮಾಡುತ್ತಿದ್ದೇನೆ. ಮೂರು ವರ್ಷದ್ದನ್ನು ಆರು ವರ್ಷದೊಳಗೆ ಮುಗಿಸಬಹುದು, ನನಗೆ ಬೇಕಾಗಿದ್ದೂ ಅದೇ. ಅಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು ಅಂತ ಲೆಕ್ಕ. ಅಸೈನ್‌ಮೆಂಟ್‌ಗೆ 30%, ಉಳಿದಿದ್ದು ಜೂನ್ ಅಥವಾ ಡಿಸೆಂಬರ್ ಪರೀಕ್ಷೆಗೆ. ನಾಲ್ಕು ಕ್ರೆಡಿಟ್‌ನ ಒಂದು ಪೇಪರ್ ಅಂದರೆ 120 ಗಂಟೆ ಆಯ್ತಲ್ಲ, ದಿನಕ್ಕೆ ಒಂದು ಗಂಟೆ ಅಂದ್ರೂ ನಾಲ್ಕು ತಿಂಗಳು. ಅಪ್ಪನಿಗೆ ಈ ಲೆಕ್ಕ ಬರೆದು ತೋರಿಸು.

ಇನ್ನೊಂದು ವಿಷಯ, ನನಗೆ ಯಾರೂ ಹೇಳಿರಲಿಲ್ಲ. ಓದುವಾಗ ನಾನು ಗಟ್ಟಿಯಾಗಿಯೇ ಇದ್ದೆ. ಜಾರಿದ್ದು ಕೊನೆ ಪರೀಕ್ಷೆ ಬರೆದು ಹೊರಗೆ ಬಂದ ಮಧ್ಯಾಹ್ನ. ಚೆನ್ನಾಗಿ ಬರೆದಿದ್ದೆ, ಖುಷಿ, ಜೇಬಲ್ಲಿ 500 ರೂಪಾಯಿ, ಬಸ್ ಸ್ಟ್ಯಾಂಡ್ ಎದುರು ಬಾರು. ಅಷ್ಟೇ. ಹನ್ನೊಂದು ತಿಂಗಳು ಮಣ್ಣಾಯ್ತು, ಮತ್ತೆ ಒಂದನೇ ದಿನದಿಂದ ಶುರು. ಈಗ ಪ್ರತಿ ಪರೀಕ್ಷೆ ದಿನ ನಮ್ಮ ಗುಂಪಿನ ಒಬ್ಬರು ಗೇಟ್ ಹತ್ತಿರ ನಿಂತಿರುತ್ತಾರೆ, ಇಬ್ಬರೂ ಮಸಾಲೆ ದೋಸೆ ತಿಂದು ನೇರ ಮೀಟಿಂಗ್‌ಗೆ. ಹಾಲ್ ಟಿಕೆಟ್ ಬಂದ ದಿನವೇ ಅವರಿಗೆ ಫೋಟೋ ಕಳಿಸುತ್ತೇನೆ. ನೀನು ಟೈಮ್ ಟೇಬಲ್ ಮಾಡುವಾಗ ಮೊದಲು ಮೂರು ಮೀಟಿಂಗ್ ಬರಿ, ಓದು ಅದರ ಸುತ್ತ ಬರಲಿ.

ನೇರ_ಮಾತು
ಒಂದೊಂದೇ ಪೇಪರ್ ಅಂತ ಕೂತರೆ 30 ವರ್ಷಕ್ಕೆ ಡಿಗ್ರಿ ಆಗುತ್ತೆ. ಮನಸ್ಸು ಗಟ್ಟಿ ಇದ್ದರೆ ಎಲ್ಲಿದ್ದರೂ ಒಂದೇ, ಸುಮ್ನೆ ಹೆದರಿಸಬೇಡಿ.

ನಾಲ್ಕು_ವರ್ಷ
ಮನಸ್ಸು ಗಟ್ಟಿ ಇದೆ ಅಂದುಕೊಂಡೇ ಮೂರು ಸಲ ಜಾರಿದವನು ನಾನು ಸ್ವಾಮಿ.

ಮೇಷ್ಟ್ರಮ್ಮ
ತಮ್ಮಾ, ನಾನು ಡಿಗ್ರಿ ಕಾಲೇಜಲ್ಲಿ ಪಾಠ ಮಾಡುತ್ತೇನೆ. ಕಾಲೇಜಲ್ಲಿ ಹೇಳಬೇಕಾ ಅಂತ ಕೇಳಿದ್ದೀಯ, ಅದಕ್ಕಷ್ಟೇ ಉತ್ತರ. ಎಲ್ಲರಿಗೂ ಹೇಳಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ, ಡ್ರಗ್ಸ್‌ನಿಂದ ಬರುವ ತೊಂದರೆಯೂ ಸೇರಿದೆ, ನಿನ್ನ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಅನ್ನೋದು ಅದರಲ್ಲಿ ನಿನ್ನ ಹಕ್ಕು. ಇಂತಿಂಥ ತಾರೀಕಿನಿಂದ ಚಿಕಿತ್ಸೆಯಲ್ಲಿದ್ದ, ಈಗ ಓದಲು ಅಡ್ಡಿಯಿಲ್ಲ ಅಂತ ನಿನ್ನ ಡಾಕ್ಟರ್ ಹತ್ತಿರ ಪತ್ರ ಬರೆಸಿಕೋ. ಕಾಯಿಲೆ ಹೆಸರು ಬರೆಯದಿದ್ದರೂ ನಡೆಯುತ್ತಾ ಅಂತ ಆಫೀಸಲ್ಲಿ ಮೊದಲೇ ಕೇಳು. ಕಾಮಾಲೆ ಅಂತ ಮಾತ್ರ ಬರೆಸಬೇಡ, ಕಾಲೇಜಿಗೆ ಬರುವ ಅರ್ಧ ಮೆಡಿಕಲ್ ಸರ್ಟಿಫಿಕೇಟ್‌ನಲ್ಲಿ ಕಾಮಾಲೆಯೇ ಇರುತ್ತೆ, ನಾವೇನು ಕಣ್ಣು ಮುಚ್ಚಿಕೊಂಡಿರಲ್ಲ.

ಆದರೆ ಒಬ್ಬರಿಗೆ ನಿಜ ಗೊತ್ತಿರಲಿ, ಪ್ರಿನ್ಸಿಪಾಲರೋ ನಿನಗೆ ನಂಬಿಕೆಯಿರುವ ಒಬ್ಬ ಮೇಷ್ಟ್ರೋ. 75% ಹಾಜರಾತಿಗೆ ಕಡಿಮೆ ಬಿದ್ದಾಗ, ಫಾಲೋಅಪ್‌ಗೆ ರಜೆ ಬೇಕಾದಾಗ, ನಿನ್ನ ಪರ ಮಾತಾಡೋಕೆ ಒಬ್ಬರು ಬೇಕು. ನಮ್ಮಲ್ಲಿ ಒಬ್ಬ ಹುಡುಗ ಯಾರಿಗೂ ಹೇಳದೆ ಇದ್ದ, ಹಾಲ್ ಟಿಕೆಟ್ ತಡೆದ ಮೇಲೆ ಅಳುತ್ತಾ ಬಂದ. ಆಗ ನಮ್ಮ ಕೈಯಲ್ಲೂ ಏನೂ ಇರಲಿಲ್ಲ. ರಾತ್ರಿ ಹೊತ್ತು ಮನಸ್ಸು ಎಳೆದರೆ 14416ಕ್ಕೆ ಫೋನ್ ಮಾಡು, ಟೆಲಿಮನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಹಾಸನದವ_22
ಅಕ್ಕ, ಅಣ್ಣಂದಿರೇ, ಥ್ಯಾಂಕ್ಸ್. ಡಿಜಿಲಾಕರ್ ನೋಡಿದೆ, ಎರಡನೇ ಸೆಮ್ ಕಾಣುತ್ತಿದೆ, ಮೊದಲನೇದು ಇಲ್ಲ. 120 ಗಂಟೆ ಲೆಕ್ಕ ಅಪ್ಪನಿಗೆ ತೋರಿಸಿದೆ. ಏನೂ ಅನ್ನಲಿಲ್ಲ, ಆ ಚೀಟಿ ಮಡಚಿ ಜೇಬಿಗಿಟ್ಟುಕೊಂಡರು. ಸೋಮವಾರ ಬೆಂಗಳೂರಿಗೆ ಹೋಗಿ ಆಫೀಸಲ್ಲಿ ಕೇಳುತ್ತೇನೆ. ಒಬ್ಬನೇ ಹೋಗಲ್ಲ, ಭಾವ ಜೊತೆಗೆ ಬರ್ತಾರೆ, ಸಂಜೆ ರೈಲಿಗೇ ವಾಪಸ್.

ನಾಲ್ಕು_ವರ್ಷ
ಮಧ್ಯಾಹ್ನ ಊಟ ಎಲ್ಲಿ ಅಂತಾನೂ ಈಗಲೇ ತೀರ್ಮಾನ ಮಾಡಿಕೋ.