ಬುಗುರಿ ಬಿತ್ತೇ, ಇಲ್ಲವೇ?

ರಾತ್ರಿ 9.10ಕ್ಕೆ ಭಾವ ಕುಟುಂಬದ ಗುಂಪಿಗೆ ಒಂದು ಫಾರ್ವರ್ಡ್ ಕಳುಹಿಸಿದರು. ದಪ್ಪಕ್ಷರದ ತಲೆಬರಹ: ‘ಕೊನೆಗೂ ಗುಟ್ಟು ರಟ್ಟು! ಇನ್‌ಸೆಪ್ಷನ್ ಚಿತ್ರದ ಕೊನೆ ಬರೀ ಕನಸು, ನಟನೇ ಬಾಯಿಬಿಟ್ಟ ಸತ್ಯ’. ಕನಸುಗಳೊಳಗೆ ನುಗ್ಗುವವರ ಕಥೆಯಿರುವ ಆ ಚಿತ್ರದ ಕೊನೆಯಲ್ಲಿ ನಾಯಕ ಒಂದು ಬುಗುರಿ ತಿರುಗಿಸುತ್ತಾನೆ. ಅದು ಬಿದ್ದರೆ ನನಸು, ಬೀಳದಿದ್ದರೆ ಕನಸು. ಬಿತ್ತೇ ಇಲ್ಲವೇ ಎಂಬುದು ನಮ್ಮ ಮನೆಯ ಹಳೆಯ ಜಗಳ. ಫಾರ್ವರ್ಡಿನ ಕೆಳಗೆ ಭಾವನದೇ ಒಂದು ಸಾಲು.

ಭಾವ: ನಾನು ಮೊದಲಿನಿಂದ ಹೇಳುತ್ತಿದ್ದುದು ಇದನ್ನೇ. ಇನ್ನಾದರೂ ಒಪ್ಪಿಕೊಳ್ಳಿ.

ಎರಡು ನಿಮಿಷದಲ್ಲಿ ಆರು ಹೆಬ್ಬೆರಳು ಬಿದ್ದವು. ಫಾರ್ವರ್ಡ್ ಮೂರು ಪರದೆಯಷ್ಟು ಉದ್ದವಿತ್ತು. ನಾನು ಕೂತು ಪೂರ್ತಿ ಓದಿದೆ. ಮೂರನೆಯ ಪ್ಯಾರಾದಲ್ಲಿದ್ದುದು ತಲೆಬರಹಕ್ಕೆ ತದ್ವಿರುದ್ಧ.

ನಾನು: ಭಾವ, ದಯವಿಟ್ಟು ಮೂರನೆಯ ಪ್ಯಾರಾ ಓದಿ. ಆ ನಟ, ಮೈಕಲ್ ಕೇನ್, 2018ರಲ್ಲಿ ಹೇಳಿದ್ದು ಕನಸು ಎಂದಲ್ಲ. ಚಿತ್ರಕಥೆ ಓದಿದಾಗ ಯಾವುದು ಕನಸು, ಯಾವುದು ನನಸು ಎಂದು ತಿಳಿಯದೆ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಅವರನ್ನೇ ಕೇಳಿದರಂತೆ. ‘ನೀವು ಇರುವ ದೃಶ್ಯವೆಲ್ಲ ನನಸು’ ಎಂಬರ್ಥದ ಉತ್ತರ ಬಂತಂತೆ. ಕೊನೆಯ ದೃಶ್ಯದಲ್ಲಿ ಕೇನ್ ಇದ್ದಾರೆ, ನಾಯಕನ ಮಾವನಾಗಿ. ಆ ಲೆಕ್ಕಕ್ಕೆ ಕೊನೆ ನನಸು. ನೀವು ಕಳುಹಿಸಿದ್ದು ನಿಮ್ಮ ವಾದವನ್ನೇ ಕೆಡವುತ್ತದೆ.

ಭಾವ: ತಲೆಬರಹದಲ್ಲಿ ಸ್ಪಷ್ಟವಾಗಿ ಬರೆದಿದ್ದಾರಲ್ಲ. ಬರೆದವರಿಗೆ ಗೊತ್ತಿಲ್ಲವೇ?

ನಾನು: ಬರೆದವರು ಯಾರು? ಎಲ್ಲೂ ಹೆಸರಿಲ್ಲ.

ಭಾವ: ಮೂಲ ಕೇಳುವವನು ನೀನೋ! ಹೋದ ವರ್ಷ ನೀನು ಕಳುಹಿಸಿದ ಗ್ರಹಣದ ಚಿತ್ರ ಕಂಪ್ಯೂಟರಿನಲ್ಲಿ ಮಾಡಿದ್ದೆಂದು ಗೊತ್ತಾದಾಗ ಈ ಮೂಲವೆಲ್ಲ ಎಲ್ಲಿತ್ತು?

ಆ ಚಿತ್ರ ಕಳುಹಿಸಿದ್ದು ನನ್ನ ತಪ್ಪೇ. ಅಂದೇ ಒಪ್ಪಿಕೊಂಡು ಅಳಿಸಿದ್ದೆ. ಆದರೂ ನಾಲ್ಕು ಜನ ಅದನ್ನೇ ಹಿಡಿದುಕೊಂಡರು. ಬುಗುರಿಯ ವಿಷಯಕ್ಕೆ ಮರಳಲು ಇಪ್ಪತ್ತು ನಿಮಿಷ ಬೇಕಾಯಿತು.

ಚಿಕ್ಕಪ್ಪ: ಏನೇ ಇರಲಿ, ಸ್ವತಃ ನಟನೇ ಹೇಳಿದ ಮೇಲೆ ಮಾತು ಮುಗಿಯಿತು. ಕನಸೋ ನನಸೋ, ಅವನು ಹೇಳಿದಂತೆ.

ನಾನು: ನಟನ ಮಾತಿನಿಂದ ಮುಗಿಯುವುದಿಲ್ಲ, ಚಿಕ್ಕಪ್ಪ. 1982ರ ಬ್ಲೇಡ್ ರನ್ನರ್ ನೆನಪಿದೆಯೇ? ನಾಯಕ ಮನುಷ್ಯನೋ ಕೃತಕ ಜೀವಿಯೋ ಎಂಬುದೇ ಅಲ್ಲಿನ ಒಗಟು. ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ಅವನು ಮನುಷ್ಯ ಎಂದು ವಾದಿಸಿದರು, ನಿರ್ದೇಶಕ ರಿಡ್ಲಿ ಸ್ಕಾಟ್ ಕೃತಕ ಜೀವಿ ಎಂದರು. ಒಂದೇ ಚಿತ್ರ ಮಾಡಿದ ಇಬ್ಬರಿಗೇ ಹೊಂದಾಣಿಕೆಯಿಲ್ಲ. ಅದೂ ಅಲ್ಲದೆ, ನಟ ಗೊಂದಲಕ್ಕೆ ಬಿದ್ದಾಗ ನಿರ್ದೇಶಕ ಹೇಳುವ ಮಾತು ಅಭಿನಯಕ್ಕೆ ಸಹಾಯವಾಗಲೆಂದು ಹೇಳಿದ್ದೂ ಇರಬಹುದು. ಪ್ರೇಕ್ಷಕರಿಗೆ ಕೊಟ್ಟ ತೀರ್ಪು ಎಂದು ಏಕೆ ತಿಳಿಯಬೇಕು?

ಚಿಕ್ಕಪ್ಪ: ಸರಿ, ಸರಿ. ಇಷ್ಟುದ್ದ ಬರೆಯಬೇಡ, ಕನ್ನಡಕ ಹುಡುಕಬೇಕಾಗುತ್ತದೆ.

ದೊಡ್ಡಪ್ಪ: ಕನಸಾಗಲಿ ನನಸಾಗಲಿ, ಆ ಮನುಷ್ಯ ಕೊನೆಗೆ ತನ್ನ ಮಕ್ಕಳ ಬಳಿ ಹೋದ. ಅಷ್ಟು ಸಾಕು. ಈಗಿನವರಿಗೆ ಸಿನಿಮಾದ ಬಗ್ಗೆ ಜಗಳವಾಡಲು ಪುರುಸೊತ್ತಿದೆ, ಹಿರಿಯರ ಕ್ಷೇಮ ವಿಚಾರಿಸಲು ಇಲ್ಲ. ನನ್ನ ಶುಭೋದಯಕ್ಕೆ ಮೂರು ದಿನದಿಂದ ಉತ್ತರವಿಲ್ಲ.

ತಕ್ಷಣ ಐದು ಜನ ರಾತ್ರಿಯಲ್ಲೇ ಶುಭೋದಯ ಹೇಳಿದರು. ನನಗೆ ಮಾತ್ರ ದೊಡ್ಡಪ್ಪನ ಮೊದಲ ವಾಕ್ಯ ಬಿಟ್ಟುಹೋಗಲಿಲ್ಲ. ಇಡೀ ಗುಂಪಿನಲ್ಲಿ ಚಿತ್ರದ ಹತ್ತಿರ ಬಂದವರು ಅವರೊಬ್ಬರೇ.

ನಾನು: ದೊಡ್ಡಪ್ಪ, ನೀವು ಹೇಳಿದ್ದನ್ನೇ ನೋಲನ್ 2015ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮುಂದೆ ಹೇಳಿದ್ದಾರೆ. ನಾಯಕ ಮಕ್ಕಳೊಂದಿಗಿದ್ದಾನೆ, ಅದು ಕನಸೇ ನನಸೇ ಎಂಬ ಚಿಂತೆ ಅವನಿಗೆ ಉಳಿದಿಲ್ಲ ಎಂದು. ಚಿತ್ರದುದ್ದಕ್ಕೂ ಆ ಬುಗುರಿಯನ್ನು ತಿರುಗಿಸಿ, ಅದು ಬೀಳುವವರೆಗೂ ಉಸಿರು ಬಿಗಿಹಿಡಿದು ನೋಡುತ್ತಿದ್ದವನು. ಬಿದ್ದರೆ ಎಚ್ಚರ, ತಿರುಗುತ್ತಲೇ ಇದ್ದರೆ ಕನಸು. ಕೊನೆಯಲ್ಲಿ ಮೇಜಿನ ಮೇಲೆ ತಿರುಗಿಸುತ್ತಾನೆ, ಮಕ್ಕಳ ಮುಖ ಕಾಣುತ್ತದೆ, ಬುಗುರಿಯನ್ನು ಅಲ್ಲೇ ಬಿಟ್ಟು ಹೋಗುತ್ತಾನೆ. ಅವನು ಬಿಟ್ಟದ್ದನ್ನು ನಾವು ನೋಡುತ್ತಾ ಕೂತಿದ್ದೇವೆ. ಅದು ಅವನ ಬುಗುರಿಯೂ ಅಲ್ಲ, ತೀರಿಹೋದ ಹೆಂಡತಿಯದು.

ಅಕ್ಕ: ಹಾಗಾದರೆ ಮಕ್ಕಳು? ಅಷ್ಟು ಕಾಲವಾದರೂ ಅದೇ ವಯಸ್ಸು, ಅದೇ ಬಟ್ಟೆ, ಅದೇ ಭಂಗಿ. ಕನಸಲ್ಲದೆ ಇನ್ನೇನು?

ನಾನು: ಅದೇ ವಯಸ್ಸಲ್ಲ, ಅಕ್ಕ. ಕೊನೆಯ ಹೆಸರುಪಟ್ಟಿ ನೋಡು. ಮಗಳಿಗೆ ಇಬ್ಬರು ಬಾಲನಟಿಯರು, 3 ವರ್ಷ ಮತ್ತು 5 ವರ್ಷ. ಮಗನಿಗೆ ಇಬ್ಬರು, 20 ತಿಂಗಳು ಮತ್ತು 3 ವರ್ಷ. ಬಟ್ಟೆಯೂ ಹೋಲುತ್ತದೆಯೇ ಹೊರತು ಒಂದೇ ಅಲ್ಲ. ಕನಸಿನ ದೃಶ್ಯಗಳಲ್ಲಿ ನಾಯಕನ ಬೆರಳಲ್ಲಿ ಮದುವೆಯ ಉಂಗುರ ಇರುತ್ತದೆ, ಎಚ್ಚರವಿದ್ದಾಗ ಇರುವುದಿಲ್ಲ. ಕೊನೆಯಲ್ಲಿ ಇಲ್ಲ.

ಅಕ್ಕ: ಅಂದರೆ ನೀನೂ ನನಸು ಎಂದು ಒಪ್ಪಿದೆ. ಇಷ್ಟು ಹೊತ್ತು ಯಾವುದರಿಂದಲೂ ತೀರ್ಮಾನವಾಗುವುದಿಲ್ಲ ಎನ್ನುತ್ತಿದ್ದೆ.

ನಾನು: ನನಸು ಎಂದೇ ನನಗನ್ನಿಸುತ್ತದೆ. ಆದರೆ ಚಿತ್ರ ಕೇಳುವ ಪ್ರಶ್ನೆ ಅದಲ್ಲ ಎನ್ನುತ್ತಿದ್ದೇನೆ.

ಭಾವ: ಸೋಲುವಾಗ ಪ್ರಶ್ನೆಯನ್ನೇ ಬದಲಾಯಿಸುವುದು ಇವನ ಹಳೆಯ ಅಭ್ಯಾಸ.

ಇದಕ್ಕೆ ಉತ್ತರ ಬರೆಯುತ್ತಿದ್ದಾಗ ಚಿಕ್ಕಪ್ಪನ ಮಗಳು ನಡುವೆ ಬಂದಳು.

ತಂಗಿ: ಅಣ್ಣಾ, ನಾವೆಲ್ಲ ದೊಡ್ಡಪ್ಪನ ಮನೆಯಲ್ಲಿ ಈ ಸಿನಿಮಾ ನೋಡಿದ್ದು ನೆನಪಿದೆಯೇ? ನನಗೆ ಆಗ ಏಳು ವರ್ಷ. ಅಕ್ಕನ ತೊಡೆಯ ಮೇಲೆ ನಿದ್ದೆ ಹೋಗಿದ್ದೆ. ಎದ್ದಾಗ ಟಿವಿ ಕಪ್ಪಾಗಿತ್ತು, ದೊಡ್ಡಪ್ಪ ಅದರ ಬೆನ್ನಿಗೆ ಬಡಿಯುತ್ತಿದ್ದರು!

ದೊಡ್ಡಪ್ಪ: ಕರೆಂಟ್ ಹೋಯಿತೆಂದುಕೊಂಡೆ. ಫ್ಯಾನ್ ಮಾತ್ರ ತಿರುಗುತ್ತಿತ್ತು.

ಅಕ್ಕ: ಕರೆಂಟ್ ಹೋಗಿರಲಿಲ್ಲ. ಇವನು ರಿಮೋಟ್ ಒತ್ತಿದ. ಬುಗುರಿ ಇನ್ನೇನು ಬೀಳಬೇಕು, ಆಗಲೇ ಒತ್ತಿದ. ನೀವೆಲ್ಲ ಜಗಳವಾಡಿ ಟಿವಿಯನ್ನೇ ಆರಿಸಿದಿರಿ. ಡಿವಿಡಿಯನ್ನು ಬೆಳಗ್ಗೆ ಹಿಂದಿರುಗಿಸಬೇಕಿತ್ತು. ಆ ಕೊನೆಯ ನಿಮಿಷ ನಾವು ಯಾರೂ ನೋಡಲೇ ಇಲ್ಲ.

ನಾನು ಬರೆಯುತ್ತಿದ್ದುದನ್ನೆಲ್ಲ ಅಳಿಸಿದೆ. ಇಷ್ಟು ವರ್ಷ ಈ ಚಿತ್ರದ ಮಾತು ಬಂದಾಗಲೆಲ್ಲ ಅಕ್ಕನ ಮುಖ ಗಂಟಿಕ್ಕುತ್ತಿದ್ದುದಕ್ಕೆ ಕಾರಣ ಆಗ ಹೊಳೆಯಿತು. ನಾನು ಕಸಿದುಕೊಂಡೆ ಎಂದು ಅವಳು ನಂಬಿರುವ ಒಂದು ನಿಮಿಷದಲ್ಲಿ ಉತ್ತರ ಇದೆ ಎಂದೇ ಅವಳು ತಿಳಿದಿದ್ದಳು. ಭಾವ ‘ಮೊದಲಿನಿಂದ’ ಹೇಳುತ್ತಿದ್ದುದು ಅವಳ ಬಾಯಿಂದ ಕೇಳಿದ ಕಥೆಯನ್ನು.

ನಾನು: ಅಕ್ಕ, ಆ ನಿಮಿಷ ಇಲ್ಲ. ಯಾರೂ ಏನೂ ಒತ್ತಲಿಲ್ಲ. ಬುಗುರಿ ಒಂದಿಷ್ಟು ಓಲಾಡಿದಂತೆ ಕಾಣುತ್ತದೆ, ಅಷ್ಟರಲ್ಲಿ ಪರದೆ ಕಪ್ಪಾಗುತ್ತದೆ. ಚಿತ್ರವೇ ಹಾಗೆ ಮುಗಿಯುತ್ತದೆ. ಆಮೇಲೆ ಹೆಸರುಪಟ್ಟಿ. 2010ರಲ್ಲಿ ಚಿತ್ರಮಂದಿರಗಳಲ್ಲಿ ಕೂತವರೂ ನೋಡಿದ್ದು ಅಷ್ಟನ್ನೇ. ನಾವು ಏನನ್ನೂ ಕಳೆದುಕೊಂಡಿಲ್ಲ.

ತುಂಬ ಹೊತ್ತು ಯಾರೂ ಬರೆಯಲಿಲ್ಲ. ಭಾವ ಸಹ ಸುಮ್ಮನಿದ್ದರು.

ದೊಡ್ಡಪ್ಪ: ಹಾಗಾದರೆ ಟಿವಿ ಸರಿಯಾಗಿಯೇ ಇತ್ತು.

ನಾನು: ಸರಿಯಾಗಿಯೇ ಇತ್ತು, ದೊಡ್ಡಪ್ಪ.

ಅಕ್ಕ 10.52ಕ್ಕೆ ಬರೆದಳು.

ಅಕ್ಕ: ಇರಬಹುದು. ಆದರೆ ರಿಮೋಟ್ ನಿನ್ನ ಕೈಯಲ್ಲಿತ್ತು.